ಜಾರಿಗೆ ಬಿದ್ದ ಎಂಟು ನಿಂಬೆಹಣ್ಣು

ಲಿಂಗಸುಗೂರಿನ ಹಲ್ಲಿನ ಡಾಕ್ಟರು ನಮ್ಮ ನಾನಿಯ ಬಾಯಲ್ಲಿ ಉಳಿದಿದ್ದ ಏಳು ಹಲ್ಲುಗಳನ್ನೂ ಕಿತ್ತು, ವಸಡು ಮಾಗಿದ ಮೇಲೆ ಹೊಸ ಸೆಟ್ ಕೂಡಿಸೋಣ ಎಂದು ಕಳಿಸಿದಾಗ ಬಕ್ರೀದಿಗೆ ಮೂರೇ ವಾರ ಉಳಿದಿತ್ತು. ನಾನಿ ಎಂದರೆ ನನ್ನ ತಾಯಿಯ ತಾಯಿ, ಮಸ್ಕಿಯಲ್ಲಿ ನನ್ನ ಸೋದರಮಾವನ ಜೊತೆ ಇರುತ್ತಾಳೆ. ಸಿಟ್ಟು ಬಂದರೆ ದಖನಿ ಉರ್ದು, ಸಮಾಧಾನದ ಮಾತಿಗೆ ಕನ್ನಡ, ಅದು ಆಕೆಯ ಕ್ರಮ. ಹಲ್ಲು ಹೋದದ್ದಕ್ಕೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬದ ದಿನ ಎಲ್ಲರೂ ಮಟನ್ ತಿನ್ನುವಾಗ ತಾನು ಸಾರಿನಲ್ಲಿ ರೊಟ್ಟಿ ನೆನೆಸಿಕೊಂಡು ಕೂಡಬೇಕಲ್ಲ ಎಂದು ಮಾತ್ರ ಮುಖ ಸಣ್ಣದು ಮಾಡಿಕೊಂಡಳು.

ನಾನು ಸಿಂಧನೂರಿನಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು. ಸುಮ್ಮನಿರುವ ಸ್ವಭಾವ ಮೊದಲೇ ಇಲ್ಲ. ಈ ಸಲ ಮಟನ್ ನಾನೇ ಮಾಡುತ್ತೇನೆ, ನಾಲಗೆಯಿಂದ ಒತ್ತಿದರೆ ಕರಗುವ ಹಾಗೆ ಮಾಡುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟುಬಿಟ್ಟೆ. ತನ್ನ ಮೊಮ್ಮಗಳು ಕಾಲೇಜಿನಾಕಿ, ಆಕೆಗೆ ಇದೆಲ್ಲ ಗೊತ್ತು ಎಂದು ನಾನಿ ಓಣಿಗೆಲ್ಲ ಹೇಳಿಕೊಂಡು ಬಂದಳಂತೆ.

ಗಟ್ಟಿ ಮಾಂಸಕ್ಕೆ ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹಿತ್ತಲಿನ ಪಪ್ಪಾಯಿ ಗಿಡದಿಂದ ಹಸಿ ಕಾಯಿ ಕಿತ್ತು, ಸಿಪ್ಪೆ ಸಮೇತ ಅರೆದು, ಮಾಂಸಕ್ಕೆ ಹಚ್ಚಿ ಒಂದು ತಾಸು ಇಡುವುದು. ಆ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವ ಇದೆ. ಮಾಂಸದ ಪ್ರೋಟೀನಿನ ಎಳೆಗಳನ್ನು ಅದು ಕತ್ತರಿಸುತ್ತ ಹೋಗುತ್ತದೆ. ಇದೆಲ್ಲ ನಾನಿಗೂ ಗೊತ್ತು, ಕಿಣ್ವದ ಹೆಸರೊಂದನ್ನು ಬಿಟ್ಟು. ನಿಂಬೆಹಣ್ಣು ಹಿಂಡುವುದು ಮಾತ್ರ ಊಟಕ್ಕೆ ಕೂತ ಮೇಲೆ, ತಟ್ಟೆಯಲ್ಲಿ.

ಹಬ್ಬದ ದಿನ ಅಡುಗೆಮನೆ ನನ್ನ ಕೈಗೆ ಬಂತು. ನಾನಿ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ನೋಡುತ್ತ ಕೂತಳು. ಪಪ್ಪಾಯಿ ಹೋಳುಗಳನ್ನು ಮಿಕ್ಸರ್ ಜಾರಿಗೆ ಹಾಕುವಾಗ ನನ್ನೊಳಗಿನ ಮೇಡಂ ಎದ್ದು ನಿಂತಳು. ಕಿಣ್ವವೂ ಮಾಂಸ ಮೆತ್ತಗೆ ಮಾಡುತ್ತದೆ, ಹುಳಿಯೂ ಮಾಡುತ್ತದೆ, ಎರಡೂ ಕೂಡಿದರೆ ಕೇಳಬೇಕೆ? ಎಂಟು ನಿಂಬೆಹಣ್ಣು ಹಿಂಡಿ ಅಷ್ಟೂ ರಸವನ್ನು ಜಾರಿಗೇ ಸುರಿದು ಗರಗರ ತಿರುಗಿಸಿದೆ. ಮಾವನ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ನಾನಿ ಆಕೆಗೆ ಕಣ್ಸನ್ನೆ ಮಾಡಿ ಸುಮ್ಮನಾಗಿಸಿದಳು. ನನಗೆ ಅದು ಕಂಡಿತು, ಅರ್ಥವಾಗಲಿಲ್ಲ.

ಮಟನ್ ಬೆಂದಿತು, ಬಣ್ಣ ಬಂತು, ಮನೆಯೆಲ್ಲ ಘಮಘಮ. ನಾನಿ ಬಿಸ್ಮಿಲ್ಲಾ ಎಂದು ಒಂದು ತುಂಡು ಬಾಯಿಗಿಟ್ಟುಕೊಂಡಳು. ಈ ದವಡೆಯಿಂದ ಆ ದವಡೆಗೆ ಹೊರಳಿಸಿದಳು, ಬಹಳ ಹೊತ್ತು ಹೊರಳಿಸಿದಳು. ಆಮೇಲೆ ಸೆರಗು ಮರೆ ಮಾಡಿಕೊಂಡು ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು.

"ರುಚಿ ಛಲೋ ಐತಿ" ಎಂದಳು.

ಹಲ್ಲಿದ್ದವರೇ ಜಗ್ಗಾಡಿ ತಿನ್ನುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಮರುದಿನ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ, ಕಾಲುವೆ ದಾಟುವ ಹೊತ್ತಿಗೆ ಎಲ್ಲವೂ ಹೊಳೆಯಿತು. ಪಪೇನಿನಲ್ಲಿ ಕತ್ತರಿ ಇರುವ ಜಾಗ ಒಂದೇ. ಅಲ್ಲಿ ಸಿಸ್ಟೀನ್, ಹಿಸ್ಟಿಡೀನ್ ಎಂಬ ಎರಡು ಅಮೈನೋ ಆಮ್ಲಗಳು ಅಕ್ಕಪಕ್ಕದಲ್ಲಿವೆ. ಸಿಸ್ಟೀನ್ ತನ್ನ ಗಂಧಕದ ಮೇಲಿನ ಪ್ರೋಟಾನನ್ನು ಪಕ್ಕದವನಿಗೆ ಕೊಟ್ಟು ಕೈ ಖಾಲಿ ಮಾಡಿಕೊಂಡರೇನೇ ಕೆಲಸಕ್ಕೆ ಇಳಿಯಲು ಸಾಧ್ಯ. ಹುಳಿ ಎಂದರೆ ಪ್ರೋಟಾನುಗಳ ನೂಕುನುಗ್ಗಲು. ಅಷ್ಟು ಹುಳಿಯಲ್ಲಿ ಒಂದನ್ನು ಕೊಟ್ಟರೆ ಇನ್ನೊಂದು ಬಂದು ಕೂಡುತ್ತದೆ, ಕೈ ಖಾಲಿಯಾಗುವುದೇ ಇಲ್ಲ. ಸಾಲದ್ದಕ್ಕೆ, ಕಿಣ್ವದ ಮಡಿಕೆಗಳನ್ನು ಹಿಡಿದಿಟ್ಟ ಋಣ ವಿದ್ಯುದಂಶಗಳ ಮೇಲೂ ಪ್ರೋಟಾನು ಹತ್ತಿ ಕೂತು ಹಿಡಿತ ಸಡಿಲಾಗುತ್ತದೆ, ಇಡೀ ಪ್ರೋಟೀನು ಬಿಚ್ಚಿಕೊಳ್ಳುತ್ತದೆ. ಕೆಲಸ ಮಾಡಬೇಕಾದ ಕಿಣ್ವವನ್ನು ನಾನು ಮಾಂಸಕ್ಕೆ ಹಚ್ಚುವ ಮೊದಲೇ ಜಾರಿನಲ್ಲಿ ಮುಗಿಸಿದ್ದೆ. ಪ್ರತಿ ವರ್ಷ ಬಣ್ಣದ ಚಾಕ್‌ಪೀಸ್ ಹಿಡಿದು ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ, ಹುಡುಗರು ಆಕಳಿಸಿದರೆ ಬೈಯುತ್ತೇನೆ.

ಮುಂದಿನ ಭಾನುವಾರ ಮತ್ತೆ ಮಸ್ಕಿಗೆ ಹೋದೆ. ಈ ಸಲ ಬರೀ ಪಪ್ಪಾಯಿ, ಬರೀ ಒಂದು ತಾಸು, ನಾನಿ ಮಾಡುವ ಹಾಗೆ. ನಾನಿ ಮೊದಲ ತುಂಡು ಬಾಯಿಗಿಟ್ಟುಕೊಂಡಳು. ಗಂಟಲಿಗಿಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ತಾನೇ ಕೈ ಚಾಚಿದಳು. ಆಗ ಧೈರ್ಯ ಮಾಡಿ ಕೇಳಿದೆ, ನಿಂಬೆರಸ ಹಾಕಿದರೆ ಕೆಡುತ್ತದೆಂದು ಹಬ್ಬದ ದಿನವೇ ಗೊತ್ತಿತ್ತಲ್ಲ, ಯಾಕೆ ತಡೆಯಲಿಲ್ಲ ಎಂದು.

ನಾನಿ ನಿಧಾನಕ್ಕೆ ನುಂಗಿ ಮುಗಿಸಿದಳು.

"ಗೊತ್ತಿತ್ತು ಬೇಟಿ. ಈ ಹುಡುಗಿನ ಸೈನ್ಸ್ ಓದಸ್ರಿ ಅಂತ ನಿಮ್ಮಪ್ಪನ ಕೂಡ ಜಗಳ ತಗದಾಕಿ ನಾನು. ಮಂದಿ ಮುಂದ ನಾನ ನಿನ್ನ ಓದು ತಪ್ಪೈತಿ ಅಂತ ಹೆಂಗ ಹೇಳಲಿ?"

ಮೂರು ವಾರ ಕಾದಿದ್ದ ಹಬ್ಬದ ಮಟನ್ನನ್ನು ಆಕೆ ನನ್ನ ಮಾನಕ್ಕಾಗಿ ಬಿಟ್ಟುಕೊಟ್ಟಿದ್ದಳು. ನನಗೆ ಕಣ್ಣು ತುಂಬಿ ಬಂತು. ಕೈಗೆ ಸಿಕ್ಕ ನಿಂಬೆ ಹೋಳನ್ನು ಹಿಡಿದುಕೊಂಡು ಹಾಗೇ ಕೂತೆ.

ನಾನಿ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಈಗ ಹಿಂಡು" ಎಂದಳು.