ನಾತಿಯಾಳ ಹೆಸರು ತೆಗೆದವನು

ಗೆರ್ಬೆನ್ ಪೋಸ್ತ್ಮಾ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು, ನಾಲ್ಕು ಸಾಲು ಬೈದು ಕೈತೊಳೆದುಕೊಳ್ಳಬಹುದಿತ್ತು. ಹೇಗ್ ನಗರದಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಅವನ ವಾಸ. ಮುದುಕಿಯರ ಸಾಮಾನು ಹೊತ್ತುಕೊಡುತ್ತಾನೆ, ಕಸದ ಡಬ್ಬ ಹೊರಗಿಡುವ ದಿನ ಮರೆಯುವುದಿಲ್ಲ, ಯಾರ ಸೈಕಲ್ಲಿನ ಚೈನು ಕಳಚಿದರೂ ಕೂತು ಹಾಕಿಕೊಡುತ್ತಾನೆ. ಹತ್ತು ವರ್ಷದ ಹಿಂದಿನ ಈ ಸಂಗತಿಯನ್ನು ಅವನು ಹೇಳಿದ್ದು ಅಂಥದೇ ಒಂದು ಮಧ್ಯಾಹ್ನ, ಕೈಗೆಲ್ಲ ಗ್ರೀಸು ಮೆತ್ತಿಕೊಂಡು, ಒಮ್ಮೆಯೂ ತಲೆ ಎತ್ತದೆ.

ಅವನ ಊರು ಉತ್ತರದ ಡ್ರಾಖ್ಟೆನ್. ಅಪ್ಪ ಹಾಲಿನ ಟ್ಯಾಂಕರ್ ಚಾಲಕ, ಅಮ್ಮನಿಗೆ ವೃದ್ಧಾಶ್ರಮದಲ್ಲಿ ಕೆಲಸ. ಆ ಮನೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲಿಗ ಇವನೇ. ಶಾಲೆ ಪಾಸಾದ ದಿನ, ಅಲ್ಲಿನ ರೂಢಿಯಂತೆ, ಅವರ ಮನೆಯ ಮುಂದೂ ಬಾವುಟ ಏರಿಸಿ ಅದರ ಕೋಲಿಗೆ ಹುಡುಗನ ಶಾಲೆಯ ಚೀಲ ನೇತುಹಾಕಿದ್ದರು. ಅಂತರರಾಷ್ಟ್ರೀಯ ಅಧ್ಯಯನ ಓದುತ್ತಾನೆ ಎಂದಾಗ ಚಿಕ್ಕಮ್ಮ ಕೇಳಿದಳಂತೆ, ಹಾಗಂದರೇನು, ರಾಯಭಾರಿ ಆಗ್ತಾನಾ ಎಂದು. "ಇಲ್ಲ ಕಣೇ, ರಾಯಭಾರಿಯ ಕಾರು ಓಡಿಸ್ತಾನೆ. ನಮ್ಮನೇಲಿ ಅದು ರಕ್ತದಲ್ಲೇ ಇದೆ," ಅಂದನಂತೆ ಅಪ್ಪ.

ಹೇಗ್‌ನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಅರ್ಧಕ್ಕರ್ಧ ಹೊರದೇಶದವರು. ಮೊದಲ ವರ್ಷ ಅರವತ್ತು ಕ್ರೆಡಿಟ್‌ಗಳಲ್ಲಿ ನಲವತ್ತೈದು ಬಾರದಿದ್ದರೆ ಆ ಕೋರ್ಸಿನಲ್ಲಿ ಮುಂದುವರಿಯುವಂತಿಲ್ಲ. ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದವರಿಗೆ ಓದು ಹೋದರೆ ಇಲ್ಲಿರುವ ಪರವಾನಗಿಯೂ ಹೋಗುತ್ತದೆ.

ವಸಂತದಲ್ಲಿ ಐದು ಕ್ರೆಡಿಟ್‌ನ ಒಂದು ಗುಂಪು ಕೆಲಸ ಬಂತು. ಗುಂಪಿನಲ್ಲಿ ನಾಲ್ವರು: ಗೆರ್ಬೆನ್, ಅವನ ಗೆಳೆಯ ಡೀಡೆರಿಕ್, ಉಟ್ರೆಕ್ಟ್ ಕಡೆಯ ಮಾರ್ಲೂಸ್, ಮತ್ತು ಜಾರ್ಜಿಯಾ ದೇಶದ ಕುತಾಯಿಸಿಯಿಂದ ಬಂದ ನಾತಿಯಾ. ವರದಿಯ ವಿಷಯ, ದೊಡ್ಡ ದೇಶಗಳ ಮಾತುಕತೆಯಲ್ಲಿ ಸಣ್ಣ ದೇಶಗಳ ದನಿ. ನಗಬೇಡಿ, ವಿಷಯ ನಿಜಕ್ಕೂ ಅದೇ ಆಗಿತ್ತು.

ಮೊದಲ ದಿನ ನಾತಿಯಾ ಅಮ್ಮ ಕಳಿಸಿದ್ದ ಮಿಠಾಯಿ ತಂದಿದ್ದಳು, ಅಕ್ರೋಟನ್ನು ದಾರದಲ್ಲಿ ಪೋಣಿಸಿ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ್ದು. ಮೂವರೂ ಚಪ್ಪರಿಸಿದರು. ಆಮೇಲೆ ಡಚ್ಚರು ಇಬ್ಬರು ಸೇರಿದರೂ ಮಾಡುವ ಕೆಲಸ ಮಾಡಿದರು, ಕರಾರು ಬರೆದರು. ಹೇಳದೆ ಕೇಳದೆ ಎರಡು ಸಲ ಸಭೆ ತಪ್ಪಿಸಿದವರ ಹೆಸರನ್ನು ವರದಿಯಿಂದ ತೆಗೆಯುವುದು. ಯಾರನ್ನೋ ಗುರಿಯಿಟ್ಟು ಬರೆದದ್ದಲ್ಲ. ನಾತಿಯಾಳೂ ಸಹಿ ಹಾಕಿದಳು. ಅವಳಿಗೆ ಬಂದಿದ್ದು ಮೂರನೇ ಅಧ್ಯಾಯ, ಅವಳದೇ ದೇಶದ ಬಗ್ಗೆ. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ್ದೂ ಅವಳೇ.

ವಾಟ್ಸ್ಯಾಪ್ ಗುಂಪಿನಲ್ಲಿ ಮೊದಮೊದಲು ಎಲ್ಲ ಇಂಗ್ಲಿಷೇ. ಏಪ್ರಿಲ್‌ನಲ್ಲಿ ರಾಜನ ಹುಟ್ಟುಹಬ್ಬ ಬಂತು. ರಾಜಮನೆತನದ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಬೀದಿಯಲ್ಲಿ ಬಿದ್ದ ಡೀಡೆರಿಕ್‌ನ ಫೋಟೊವನ್ನು ಮಾರ್ಲೂಸ್ ಹಾಕಿ ಡಚ್‌ನಲ್ಲಿ ಒಂದು ಮಾತು ಬರೆದಳು. ಅವನು ಡಚ್‌ನಲ್ಲೇ ತಿರುಗೇಟು ಕೊಟ್ಟ. ಅಲ್ಲಿಂದ ಬೀರು, ತಲೆನೋವು, ಕಳೆದುಹೋದ ಸೈಕಲ್ಲು, ದಿನಕ್ಕೆ ಐವತ್ತು ಸಂದೇಶ. ಮೂವರಿಗೆ ಮಾತೃಭಾಷೆ ಒಂದೇ ಆದರೆ ನಾಲ್ಕನೆಯವರು ಕೋಣೆಯಲ್ಲಿದ್ದಾರೆ ಎಂಬುದು ಈ ಜನಕ್ಕೆ ಮರೆತೇಹೋಗುತ್ತದೆ. ಮುಖಕ್ಕೆ ಹೊಡೆದಂತೆ ಸತ್ಯ ಹೇಳುವುದೇ ತಮ್ಮ ಗುಣ ಎಂದು ಎದೆ ತಟ್ಟಿಕೊಳ್ಳುವವರು ಇವರು. ಆ ಸತ್ಯವನ್ನು ಯಾರ ಭಾಷೆಯಲ್ಲಿ ಹೇಳಿದೆವು ಎಂದು ಮಾತ್ರ ನೋಡಿಕೊಳ್ಳುವುದಿಲ್ಲ.

ಆ ಗದ್ದಲದ ನಡುವೆ ಗೆರ್ಬೆನ್ ಒಂದು ಸಂದೇಶ ಹಾಕಿದ. ಎಂದಿನಂತೆ ಮಂಗಳವಾರ ಗ್ರಂಥಾಲಯದಲ್ಲಿ ಬೇಡ, ಸೋಮವಾರ ಹತ್ತಕ್ಕೆ ಡೀಡೆರಿಕ್ ಮನೆಯಲ್ಲಿ. ಡಚ್‌ನಲ್ಲಿ. ಮುಂದಿನ ವಾರ ಮತ್ತೊಮ್ಮೆ ದಿನ ಬದಲಾಯಿತು, ಅದೂ ಅವನದೇ ಸಂದೇಶ, ಅದೂ ಡಚ್‌ನಲ್ಲಿ. ಬೀರಿನ ತಮಾಷೆಯನ್ನೆಲ್ಲ ಅನುವಾದಿಸಿಕೊಂಡು ಸುಸ್ತಾಗಿದ್ದ ನಾತಿಯಾ ಅವನ್ನೂ ಅದೇ ಸಾಲಿಗೆ ಸೇರಿಸಿ ಬಿಟ್ಟಿದ್ದಳು. ಎರಡೂ ಮಂಗಳವಾರ ಗ್ರಂಥಾಲಯದಲ್ಲಿ ಒಬ್ಬಳೇ ಕಾದಳು. ಮೊದಲ ಸಲ, ಸಭೆ ರದ್ದಾಯಿತೇನೋ ಅಂದುಕೊಂಡು ಮರಳಿದಳು. ಎರಡನೇ ಸಲ ಎಲ್ಲಿದ್ದೀರಿ ಎಂದು ಕೇಳಿದಾಗ ಮಾರ್ಲೂಸ್, ಸಭೆ ನಿನ್ನೆಯೇ ಆಯಿತಲ್ಲ, ಮೊದಲೇ ತಿಳಿಸಿದ್ದೆವಲ್ಲ ಎಂದಳು. ನಾತಿಯಾ ಕ್ಷಮೆ ಕೇಳಿ ಸುಮ್ಮನಾದಳು. ತಾನೇ ಏನೋ ನೋಡದೆ ಬಿಟ್ಟೆನೆಂದು ಅವಳ ಭಾವನೆ.

ಕರಾರು ಕರಾರೇ. ಹೆಸರು ತೆಗೆದೆವೆಂದು ಅವಳಿಗೂ ಅಧ್ಯಾಪಕಿಗೂ ಪತ್ರ ಬರೆಯುವ ಕೆಲಸ, ನೀಟಾಗಿ ಬರೆಯುತ್ತಾನೆಂದು ಗೆರ್ಬೆನ್‌ಗೆ ಬಂತು. ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ ಎಂಬ ಸಾಲನ್ನೂ ಸೇರಿಸಿದ. ಮೂರನೇ ಅಧ್ಯಾಯವನ್ನು ಮಾತ್ರ ಹಾಗೆಯೇ ಇಟ್ಟುಕೊಂಡರು, ಅದು ಗುಂಪಿನ ಸ್ವತ್ತಂತೆ. ಈಗ ನಿಯಮದ ಪ್ರಕಾರ ನಾತಿಯಾಳಿಗೆ ತಕರಾರು ಕೊಡಲು ಐದು ದಿನ. ಅವಳ ಬಳಿ ಇದ್ದದ್ದು ನಲವತ್ತು ಕ್ರೆಡಿಟ್. ಈ ಐದು ಸೇರದಿದ್ದರೆ ಗಂಟುಮೂಟೆ ಕಟ್ಟಬೇಕು. ಅದು ಮೂವರಿಗೂ ಗೊತ್ತಿತ್ತು.

ಮೂರನೇ ದಿನ ಅಧ್ಯಾಪಕಿ ಹಿಲ್ಡೆ ತಪ್ಪಿದ ಸಭೆಗಳ ದಿನಾಂಕ ಕೇಳಿದರು. ಪಟ್ಟಿ ಮಾಡಲೆಂದು ಗೆರ್ಬೆನ್ ವಾಟ್ಸ್ಯಾಪನ್ನು ಹಿಂದಕ್ಕೆ ಎಳೆಯುತ್ತ ಹೋದ. ತನ್ನವೇ ಎರಡು ಸಂದೇಶ ಕಣ್ಣಿಗೆ ಬಿದ್ದವು, ಎರಡೂ ಡಚ್‌ನಲ್ಲಿ. ಕಿವಿ ಬಿಸಿಯಾಯಿತು ಅಂದ ನನ್ನ ಹತ್ತಿರ. ಒಂದು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು, ತಪ್ಪು ನಮ್ಮದು ಎಂದು. ಅವನು ಡೀಡೆರಿಕ್‌ಗೆ ತೋರಿಸಿದ.

"ಬಂದು ಎಂಟು ತಿಂಗಳಾಯ್ತಲ್ಲೋ ಅವಳು, ಸೋಮವಾರ ಅನ್ನೋದೂ ಗೊತ್ತಾಗಲ್ವಾ?" ಅಂದ ಡೀಡೆರಿಕ್. "ನಾವೇನು ಬಚ್ಚಿಟ್ವಾ? ಗುಂಪಲ್ಲೇ ಹಾಕಿದ್ದು. ಈಗ ಬಾಯಿ ಬಿಟ್ರೆ ನಮ್ಮ ವರದಿಗೇ ಕುತ್ತು. ಸುಮ್ನಿರು ಮಾರಾಯ."

ಗೆರ್ಬೆನ್ ಪಟ್ಟಿ ಕಳಿಸಿದ. ಎರಡು ದಿನಾಂಕ, ಎರಡು ಗೈರುಹಾಜರಿ. ಒಂದಕ್ಷರವೂ ಸುಳ್ಳಲ್ಲ.

ನಾಲ್ಕನೇ ದಿನ ಕ್ಯಾಂಟೀನಿನಲ್ಲಿ ಅವಳೇ ಸಿಕ್ಕಳು. ಇವನ ಮೇಜಿಗೇ ನೇರ ಬಂದಳು. ಹೇಳಿಬಿಡಬೇಕು ಎಂದು ಇವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

"ಗೆರ್ಬೆನ್, ನಿಮಗೆಲ್ಲ ತೊಂದರೆ ಕೊಟ್ಟೆ. ಎರಡು ಸಲ ಕಾಯಿಸಿದೆ. ನಂದೇ ತಪ್ಪು, ಬೇಜಾರು ಮಾಡ್ಕೋಬೇಡ."

ಇವನು ಅಂದದ್ದು ಒಂದೇ ಮಾತು. "ಪರವಾಗಿಲ್ಲ."

ಈ ಒಂದು ಪದಕ್ಕೆ ನಾನು ಅವನನ್ನು ಎದುರಿಗೇ ಬೈದೆ. ಹೆಸರು ತೆಗೆದದ್ದು ಅಜಾಗ್ರತೆ, ಪಟ್ಟಿ ಕಳಿಸಿದ್ದು ಹೇಡಿತನ, ಅವಕ್ಕೆ ಮನುಷ್ಯನೆಂದು ಒಂದಿಷ್ಟು ಮಾಫಿ ಉಂಟು. ಆದರೆ ತಪ್ಪು ಮಾಡದವಳ ತಲೆ ಬಾಗಿಸಿಕೊಂಡು, ದೊಡ್ಡ ಮನಸ್ಸಿನವನಂತೆ ಅವಳನ್ನು ಕ್ಷಮಿಸಿದನಲ್ಲ. ಅವನು ಚೈನು ಹಿಡಿದುಕೊಂಡು ಕೂತಿದ್ದ.

ಐದು ದಿನ ಕಳೆಯಿತು. ಅವಳು ತಕರಾರು ಕೊಡಲಿಲ್ಲ. ವರದಿಗೆ ಹತ್ತಕ್ಕೆ ಎಂಟೂವರೆ ಬಂತು. ಮೂರನೇ ಅಧ್ಯಾಯ ವಿಶೇಷವಾಗಿ ಚೆನ್ನಾಗಿದೆ ಎಂದು ಹಿಲ್ಡೆ ಬರೆದಿದ್ದರು. ಇವನು ಮನೆಗೆ ಫೋನು ಮಾಡಿ ಅಂಕ ಹೇಳಿದ, ಅಮ್ಮ ಕೆಲಸದ ಜಾಗದಲ್ಲೆಲ್ಲ ಹೇಳಿಕೊಂಡು ಬಂದಳು.

ಜುಲೈನಲ್ಲಿ ನಾತಿಯಾಳಿಗೆ ಕೋರ್ಸು ಬಿಡಬೇಕೆಂಬ ಪತ್ರ ಹೋಯಿತು. ಅವಳು ಊರಿಗೆ ಹೊರಟುಹೋದಳೆಂದು ಯಾರೋ ಹೇಳಿದ ಮೇಲೆ ಗೆರ್ಬೆನ್ ಹಿಲ್ಡೆಯ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಮೇ ತಿಂಗಳಲ್ಲಿ ನಿಮಗೆ ಇದು ಗೊತ್ತಿತ್ತು, ಅಲ್ವಾ?"

ಗೊತ್ತಿತ್ತು ಎಂದ. ಹಿಲ್ಡೆ ಬೈಯಲಿಲ್ಲ. ಮೇಲ್ಮನವಿಗೆ ಇನ್ನೂ ಎರಡು ವಾರ ಇದೆ, ಆದರೆ ಸಹಿ ಅವಳದೇ ಆಗಬೇಕು, ನೀವೇ ಅವಳಿಗೆ ಹೇಳಿ ಎಂದಷ್ಟೇ ಅಂದರು. ಅವನು ಅರ್ಜಿಯನ್ನೆಲ್ಲ ತಾನೇ ತುಂಬಿ, ಸಹಿಯ ಜಾಗವೊಂದನ್ನು ಖಾಲಿ ಬಿಟ್ಟು ಅವಳಿಗೆ ಕಳಿಸಿ, ವಿಡಿಯೊ ಕರೆ ಮಾಡಿದ. ಅವಳ ಹಿಂದೆ ಅಡುಗೆಮನೆ ಕಾಣುತ್ತಿತ್ತು, ಯಾರೋ ಹೆಂಗಸು ಹಿಟ್ಟು ನಾದುತ್ತಿದ್ದಳು. ಇವನು ಹೇಳಿದ್ದನ್ನೆಲ್ಲ ನಾತಿಯಾ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಕ್ಯಾಂಟೀನಲ್ಲಿ ಮಾತಾಡಿದ್ವಲ್ಲ, ಆವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಪರವಾಗಿಲ್ಲ ಅಂದೆ?"

ಇವನು ಅರ್ಜಿಯ ಸುದ್ದಿ ಎತ್ತಿದ. ಗೆಲ್ಲುವುದು ಖಂಡಿತ, ನಾನೇ ಬಂದು ಸಾಕ್ಷಿ ಹೇಳುತ್ತೇನೆ ಅಂದ.

"ನಾನು ಸಹಿ ಹಾಕಲ್ಲ," ಅಂದಳು ನಾತಿಯಾ. "ಮೂರು ತಿಂಗಳು ನನ್ನ ಪಾಲಿಗೆ ನಾನೇ ದಡ್ಡಿ ಆಗಿದ್ದೆ. ಅಮ್ಮನ ಹತ್ರಾನೂ ಹಾಗೇ ಹೇಳಿದೀನಿ, ನಾನೇ ಸರಿಯಾಗಿ ನೋಡ್ಲಿಲ್ಲ ಅಂತ. ಈಗ ನಿನ್ನ ಮನಸ್ಸು ಹಗುರ ಮಾಡೋಕೆ ನಾನು ಮತ್ತೆ ಅಲ್ಲಿಗೆ ಬಂದು ನಿಮ್ಮ ಮೂವರ ಜೊತೆ ಕೂರಬೇಕಾ?"

ಅಮ್ಮ ಕರೀತಿದ್ದಾರೆ ಎಂದು ಹೇಳಿ ಫೋನಿಟ್ಟಳು. ಎರಡು ವಾರ ಅವನು ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡಿದ. ಅರ್ಜಿ ಬರಲಿಲ್ಲ. ವರದಿಯ ಮೇಲೆ ಅವಳ ಹೆಸರು ಮತ್ತೆ ಹಾಕಿ ಎಂದು ಕೇಳಿದಾಗ, ಅದಕ್ಕೂ ಅವಳ ಒಪ್ಪಿಗೆ ಬೇಕು ಎಂದರು ಹಿಲ್ಡೆ. ಇನ್ನೊಮ್ಮೆ ಅವಳನ್ನು ಕೇಳಲು ಇವನಿಗೆ ಮುಖವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೇ ವರ್ಷ ಶುರುವಾಯಿತು. ಮೊದಲ ಪಾಠಕ್ಕೆ ಗೆರ್ಬೆನ್ ಸ್ವಲ್ಪ ತಡವಾಗಿ ಹೋದ. ಮೂರನೇ ಸಾಲಿನಲ್ಲಿ ಡೀಡೆರಿಕ್ ತನ್ನ ಪಕ್ಕದ ಕುರ್ಚಿಯ ಮೇಲೆ ಕೋಟು ಹಾಕಿ ಜಾಗ ಹಿಡಿದಿದ್ದ. ಇವನನ್ನು ಕಂಡದ್ದೇ ಕೋಟು ಎತ್ತಿ, ಬಾರೋ ಇಲ್ಲಿ ಎಂದು ಡಚ್‌ನಲ್ಲಿ ಕರೆದ. ಗೆರ್ಬೆನ್ ಹೋಗಿ ಕೂತ. ಆ ಹೊತ್ತಿಗೆ ತರಗತಿಯ ಹಿಂಭಾಗದ ಎರಡು ಸಾಲು ಪೂರ್ತಿ ಖಾಲಿ ಇದ್ದವು ಎಂಬುದನ್ನು, ನಾನು ಕೇಳದಿದ್ದರೂ, ಅವನೇ ನನಗೆ ಹೇಳಿದ.