ಪಡುವಣ ಕಿಟಕಿಯ ಗೋಣಿತಟ್ಟು

ಹುಮನಾಬಾದ, ಬಸವಕಲ್ಯಾಣದ ಸುತ್ತಲ ಊರೂರಿಗೆ ಹೋಗಿ ಧೂಮಕೇತು ತೋರಿಸಿದವನು ನಮ್ಮ ಕಾಕಾ, ನನ್ನ ಅಪ್ಪನ ತಮ್ಮ. ಜನ ಇವತ್ತಿಗೂ ಅವನನ್ನು ಹೊಗಳುತ್ತಾರೆ. ಹೊಗಳಲಿ, ನನ್ನದೇನು ಹೋಗಬೇಕು? ಆದರೆ ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಊರಿಗೆಲ್ಲ ತೋರಿಸಿದವನು ತನ್ನ ಹೆಂಡತಿಗೆ, ಅಂದರೆ ನನ್ನ ಕಾಕಿಗೆ, ಅದರ ಬಾಲವನ್ನು ತೋರಿಸಲಿಲ್ಲ.

ಕಾಕಾ ಹುಮನಾಬಾದಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಜೆಯಾದರೆ ನಮ್ಮ ಮನೆಯ ಮಾಳಿಗೆಯೇ ಅವನ ವೇಧಶಾಲೆ. ಕೈಯಿಂದ ಮಾಡಿಕೊಂಡ ಒಂದು ಟೆಲಿಸ್ಕೋಪು, ಒಂದು ಹಳೆಯ ದುರ್ಬೀನು, ನೋಡುವವರು ಮೂವರು: ಕಾಕಾ, ಕಾಕಿ ಮತ್ತು ಬಿ.ಎಸ್ಸಿ. ಓದುತ್ತಿದ್ದ ನಾನು. ಹೊತ್ತು ಮುಳುಗಿದ ಮೇಲೆ ಮಿನುಗದೆ ಸರಿದುಹೋಗುವ ಉಪಗ್ರಹಗಳನ್ನು ಹುಡುಕುವುದರಲ್ಲಿ ಕಾಕಿಯ ಕಣ್ಣಿಗೆ ಸಾಟಿಯಿರಲಿಲ್ಲ. ನಾವು ಇನ್ನೂ ತಲೆ ಎತ್ತುವಷ್ಟರಲ್ಲಿ, "ಅಗಾ, ಹೊಂಟದ ನೋಡ್ರಿ" ಅನ್ನುತ್ತಿದ್ದಳು.

ಆ ಮಾಳಿಗೆಯ ಮೇಲೆ ಕಾಕಾನದೊಂದು ಕಟ್ಟಳೆ ಇತ್ತು. ಮಸುಕು ಚುಕ್ಕಿಯೊಂದರ ಬೆಳಕನ್ನು ಅಂದಾಜು ಮಾಡುವಾಗ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳಬಾರದು. ಒಬ್ಬರು ದುರ್ಬೀನು ಹಿಡಿದರೆ ಉಳಿದವರು ನೀರಿನ ಟಾಕಿಯ ಹಿಂದೆ ಹೋಗಿ ನಿಲ್ಲಬೇಕು. ಕಿವಿಗೆ ಬಿದ್ದ ಮಾತು ಕಣ್ಣನ್ನು ಕೆಡಿಸುತ್ತದೆ ಎಂಬುದು ಅವನ ವಾದ. "ಯಾರ ಕಣ್ಣಿನ ಮಾತು ಅವರ ಬಾಯಿಂದನೇ ಬರಬೇಕು. ಕಾಣದ್ದನ್ನ ಕಂಡೀನಿ ಅಂದವರು ನನ್ನ ಮಾಳಿಗಿ ಹತ್ತಬಾರದು" ಅನ್ನುತ್ತಿದ್ದ. ಎಂಥಾ ಬೇಷ್ ಮಾತು! ಅದನ್ನು ನಾನು ಕಣ್ಣಿಗೆ ಒತ್ತಿಕೊಂಡು ಒಪ್ಪಿದ್ದೆ.

ತೊಂಬತ್ತಾರರ ಮಳೆಗಾಲ ಮುಗಿದ ಮೇಲೆ ಆ ಧೂಮಕೇತು ನಮಗೆ ಪಡುವಣದಲ್ಲಿ ಕಂಡಿತು. ಆಗ ಅದಕ್ಕೆ ಬಾಲವೆಂಬುದು ಇರಲಿಲ್ಲ, ಹತ್ತಿಯ ಎಳೆಯಷ್ಟು ಮಸುಕು. ಓಣಿಯಲ್ಲಿ ಯಾರಿಗೂ ಅದರ ಸುದ್ದಿಯೇ ಇರಲಿಲ್ಲ. ಕಾಕಿ ಮಾತ್ರ ಒಲೆಯ ಮೇಲೆ ಬೇಳೆ ಇಟ್ಟು ಮಾಳಿಗೆಗೆ ಓಡಿ ಬಂದು ನೋಡಿ ಹೋಗುತ್ತಿದ್ದಳು.

"ಇದಕ್ಕ ಬಾಲ ಬರ್ತದೇನ್ರಿ?" ಎಂದು ಒಂದು ದಿನ ಕೇಳಿದಳು.

"ಯುಗಾದಿ ಬರ್ಲಿ ತಡಿ. ಬರಿಗಣ್ಣಿಗೇ ಕಾಣ್ತದ ಬಾಲ. ಒಮ್ಮೆ ಹೋತಂದ್ರ ಮತ್ತ ಎರಡು ಸಾವಿರ ವರ್ಷ ದಾಟಬೇಕು" ಎಂದ ಕಾಕಾ.

ಅಂದಿನಿಂದ ಕಾಕಿ ಯುಗಾದಿಯ ದಾರಿ ಕಾಯತೊಡಗಿದಳು.

ಯುಗಾದಿ ಹತ್ತಿರ ಬಂದಾಗ ಕಾಕಿ ತುಂಬು ಬಸುರಿ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ನಮ್ಮಲ್ಲೇ ಎಂದು ಆಗಿತ್ತು. ಧೂಮಕೇತು ಆಗ ಸಂಜೆಯ ಆಕಾಶದಲ್ಲಿ ಬಾಲ ಬಿಚ್ಚಿಕೊಂಡು ನಿಂತಿತ್ತು, ಬಸ್‌ ಸ್ಟ್ಯಾಂಡಿನಲ್ಲಿ ನಿಂತವರಿಗೂ ಕಾಣುತ್ತಿತ್ತು. ಬಾಲದ ಚುಕ್ಕಿ ಬಸುರಿಯ ಕಣ್ಣಿಗೆ ಬಿದ್ದರೆ ಕೂಸಿಗೆ ಕೇಡು ಎಂದು ಓಣಿಯ ಹೆಂಗಸರು ನಮ್ಮ ಆಯಿಯ, ಅಂದರೆ ನನ್ನ ಅಜ್ಜಿಯ, ಕಿವಿ ಊದಿದರು. ಕಾಕಿಗೆ ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಆಯಿ ಅಂಜಿದಳು. ಕಾಕಿಯ ಕೋಣೆಯ ಪಡುವಣ ಕಿಟಕಿಗೆ ಗೋಣಿತಟ್ಟು ಬಿತ್ತು. ಹೊತ್ತು ಇಳಿದ ಮೇಲೆ ಆಕೆ ಅಂಗಳಕ್ಕೂ ಬರುವಂತಿರಲಿಲ್ಲ.

ಆಯಿಯ ಮೇಲೆ ನನಗೆ ಸಿಟ್ಟಿಲ್ಲ. ಅಕ್ಷರ ಕಾಣದ ಜೀವ, ಮೊಮ್ಮಗುವಿಗಾಗಿ ಹಂಬಲಿಸಿದ ಜೀವ. ಆದರೆ ಆ ಗೋಣಿತಟ್ಟಿಗೆ ಮೊಳೆ ಹೊಡೆದದ್ದು ಆಯಿಯಲ್ಲ. ಸ್ಟೂಲು ಹಾಕಿಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ನಾಲ್ಕೂ ಮೂಲೆಗೆ ಬರೋಬ್ಬರಿ ಹೊಡೆದವನು ನಮ್ಮ ಗಣಿತ ಮಾಸ್ತರ.

"ಕಾಕಾ, ನಿನಗ ಜರಾನೂ ನಾಚಿಕಿಲ್ಲೇನು? ಊರಿಗೆಲ್ಲ ಅಂಜಬ್ಯಾಡ್ರಿ ಅಂತೀದಿ, ಮನ್ಯಾಗ ಮೊಳಿ ಹೊಡ್ಯಾಕತ್ತೀದಿ" ಎಂದು ನಾನು ಜಗಳಕ್ಕೇ ನಿಂತೆ.

"ಅವ್ವನ ಜೀವಕ್ಕ ಸಮಾಧಾನ ಆಗ್ಲಿ ಬಿಡು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಎಲ್ಲಾರೂ ನನ್ನ ಮ್ಯಾಲ ಬರ್ತಾರ."

"ಕಾಕಿ ಜೀವಕ್ಕ?"

ಅವನು ಸ್ಟೂಲು ಎತ್ತಿಕೊಂಡು ಹೊರಟುಹೋದ.

ಆಮೇಲಿನ ಸಂಜೆಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಕಾಕಾ ಮೋಟರ್ ಸೈಕಲ್ಲಿಗೆ ಟೆಲಿಸ್ಕೋಪು ಕಟ್ಟಿಕೊಂಡು ಇವತ್ತು ಮನ್ನಾಏಖೇಳ್ಳಿ, ನಾಳೆ ಕೊಡಂಬಲ, ನಾಡಿದ್ದು ನಿರ್ಣಾ ಎಂದು ತಿರುಗುತ್ತಿದ್ದ. ಅಲ್ಲಿ ಜನರ ಮುಂದೆ ನಿಂತು, ಇದು ಬರೀ ಮಂಜು, ಬರೀ ಧೂಳು, ಬಸುರೇರ್ನೂ ಕರಕೊಂಡು ಬರ್ರಿ ಎಂದು ಭಾಷಣ ಹೊಡೆಯುತ್ತಿದ್ದ. ಬೇಸಿಗೆಯೆಂದು ಓಣಿಗೆ ಓಣಿಯೇ ಮಾಳಿಗೆಯ ಮೇಲೆ ಹಾಸಿಗೆ ಹಾಕಿತ್ತು. ಕಾಕಿ ಒಬ್ಬಳೇ ಕೆಳಗೆ, ಗಾಳಿಯಾಡದ ಆ ಕೋಣೆಯಲ್ಲಿ ಬೀಸಣಿಕೆ ಹಿಡಿದು ಕೂತಿರುತ್ತಿದ್ದಳು. ಕಾಕಾ ತಿರುಗಿ ಬಂದು ಬಾಲ ಎಷ್ಟು ಉದ್ದ, ಯಾವ ಬಣ್ಣ ಎಂದು ಶುರು ಮಾಡಿದರೆ ಆಕೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಹೇಳಬ್ಯಾಡ್ರಿ. ಮೊದಲ ನಾ ನೋಡ್ತೀನಿ, ನಾ ಹೇಳ್ತೀನಿ."

ಆ ಸ್ಥಿತಿಯಲ್ಲೂ ಅವನ ಕಟ್ಟಳೆಯನ್ನು ಪಾಲಿಸುತ್ತಿದ್ದಳು, ಪುಣ್ಯಾತ್ಗಿತ್ತಿ!

ಒಂದು ಸಂಜೆ ಆಯಿ ಬೀಗರ ಮನೆಗೆ ಹೋಗಿದ್ದಳು. ನಾನು ಕಾಕಿಯ ಕೈ ಹಿಡಿದು ಮೆಲ್ಲಗೆ ಮೆಟ್ಟಿಲು ಹತ್ತಿಸಿದೆ. ಆಕೆ ಏದುಸಿರು ಬಿಡುತ್ತ ನಗುತ್ತಿದ್ದಳು. ಮಾಳಿಗೆಯ ಬಾಗಿಲಿಗೆ ಇನ್ನೇನು ಕೈ ಹಚ್ಚಬೇಕು, ಕೆಳಗೆ ಮೋಟರ್ ಸೈಕಲ್ಲು ನಿಂತ ಸದ್ದಾಯಿತು. ಟೆಲಿಸ್ಕೋಪಿನ ಮಸೂರ ಮರೆತು ಹೋಗಿದ್ದ ಕಾಕಾ ಅದಕ್ಕಾಗಿ ತಿರುಗಿ ಬಂದಿದ್ದ. ಮೆಟ್ಟಿಲ ಬುಡದಲ್ಲಿ ನಿಂತು, "ಇಳಿ ಕೆಳಗ" ಎಂದ. ಅಷ್ಟೇ, ದನಿಯನ್ನೂ ಏರಿಸಲಿಲ್ಲ. ಕಾಕಿ ನನ್ನ ಕೈ ಬಿಡಿಸಿಕೊಂಡು ಗೋಡೆ ಹಿಡಿದು ಇಳಿದಳು. ಅವನು ಮಸೂರವನ್ನು ಜೇಬಿಗೆ ಹಾಕಿಕೊಂಡು ಯಾವುದೋ ಊರಿನ ಬಸುರಿಯರಿಗೆ ಧೈರ್ಯ ಹೇಳಲು ಹೋದ. ಥೂ!

ದಿನದಿಂದ ದಿನಕ್ಕೆ ಇಳಿಯುತ್ತ ಇಳಿಯುತ್ತ ಧೂಮಕೇತು ಸಂಜೆಬೆಳಕಿನಲ್ಲಿ ಕರಗಿಹೋಯಿತು. ಅದು ಹೋದ ಮೇಲೆ ಕಾಕಿ ಹೆತ್ತಳು, ಹೆಣ್ಣುಕೂಸು, ಗುಂಡುಗುಂಡಾಗಿತ್ತು. ತಟ್ಟು ಕಿತ್ತದ್ದು ಬಾಣಂತನ ಮುಗಿದ ಮೇಲೆ. ಆ ಸಂಜೆ ಕಾಕಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಳು. ಮೋಡ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಆಕೆ ಮಾಳಿಗೆಗೆ ಬಂದದ್ದು ಹಪ್ಪಳ ಒಣಗಿಸಲು ಮಾತ್ರ. ದುರ್ಬೀನು ಮುಟ್ಟಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ಮರೆಯುತ್ತಿದ್ದೆನೇನೋ. ವರ್ಷಗಳು ಕಳೆದವು. ಮನೆಮನೆಗೆ ಕೇಬಲ್ ಟಿ.ವಿ. ಬಂದು, ಯಾವುದೋ ಕ್ಷುದ್ರಗ್ರಹ ಭೂಮಿಗೆ ಬಡಿಯುತ್ತದಂತೆ ಎಂದು ಚಾನೆಲ್ಲಿನವರು ಬೊಬ್ಬೆ ಹೊಡೆಯುವ ಕಾಲ ಬಂತು. ಜನರ ಅಂಜಿಕೆ ಬಿಡಿಸಲು ಕಾಕಾನ ಭಾಷಣಗಳು ಮತ್ತೆ ಶುರುವಾದವು. ಹುಮನಾಬಾದಿನಲ್ಲಿ ಒಂದಕ್ಕೆ ನಾನೂ ಹೋದೆ. ಅವನು ಈಗ ಶಾಲೆಗೆ ಹೋಗುತ್ತಿದ್ದ ಮಗಳನ್ನು ವೇದಿಕೆಗೆ ಕರೆದು ನಿಲ್ಲಿಸಿಕೊಂಡು ಹೇಳಿದ:

"ಬಾಲದ ಚುಕ್ಕಿ ಬಂದಾಗ ಇಕಿ ಅವ್ವನ ಹೊಟ್ಟ್ಯಾಗಿದ್ಲು. ಇವರವ್ವ ದಿನಾ ಮಾಳಿಗಿ ಮ್ಯಾಲ ನಿಂತು ಆ ಚುಕ್ಕಿ ನೋಡಿದ್ಲು. ಏನಾಗ್ಯಾದ ಇಕಿಗೆ? ನೀವೇ ನೋಡ್ರಿ!"

ಚಪ್ಪಾಳೆಯೋ ಚಪ್ಪಾಳೆ. ಮಗಳು ಹಿಗ್ಗಿ ಹೀರೇಕಾಯಿ. ನನಗೆ ನಿಂತ ನೆಲ ಬಿಸಿಯಾಯಿತು. ಹೊರಗೆ ಹಿಡಿದು ಕೇಳಿದರೆ, "ಜನಕ್ಕ ತಿಳೀಬೇಕಲ್ಲ, ಒಂದು ಮಾತಿನಾಗ ಏನದ? ಎಲ್ಲಾ ಊರಾಗೂ ಹೇಳ್ತೀನಿ" ಎಂದ. ಬಾಲ ಕಾಣದವಳು ಕಂಡಳು ಎಂದು ಅವಳ ಬದಲು ತಾನೇ ಹೇಳಿಬಿಟ್ಟ! ನಾನು ನೆಟ್ಟಗೆ ಮನೆಗೆ ಹೋಗಿ ಕಾಕಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮುಂದಿನ ಭಾಷಣ ಎಲ್ಲದ?" ಎಂದಳು.

"ಬಸವಕಲ್ಯಾಣದಾಗ. ಆಯಿತವಾರ."

"ನಾನೂ ಬರ್ತೀನಿ."

ಆ ಭಾನುವಾರ ಬಸವಕಲ್ಯಾಣದ ಶಾಲೆಯ ಸಭಾಂಗಣ ತುಂಬಿತ್ತು. ಕಾಕಾ ಅದೇ ಮಾತು ಹೇಳಿದ, ಅದೇ ಜಾಗದಲ್ಲಿ ಮಗಳ ತಲೆ ಸವರಿದ. ಚಪ್ಪಾಳೆ ಶುರುವಾಗುವ ಮೊದಲೇ ನನ್ನ ಪಕ್ಕದಲ್ಲಿದ್ದ ಕಾಕಿ ಎದ್ದು ನಿಂತಳು.

"ನಿಮ್ಮ ಮಾಳಿಗಿ ಟಾಕಿ ಹಿಂದ ನಿಂತವಳು ನಾನ್ರಿ. ನನ್ನ ಕಣ್ಣಿನ ಮಾತು ನನ್ನ ಬಾಯಿಂದನೇ ಬರಬೇಕಲ್ಲ? ಬಾಲ ಬಂದ ಮ್ಯಾಲ ನಾ ಆ ಚುಕ್ಕಿ ನೋಡಿಲ್ಲ. ಕಿಟಕಿಗೆ ತಟ್ಟು ಹೊಡದವರು ನೀವೇ."

ಜನ ಹಿಂತಿರುಗಿ ನೋಡಿದರು. ಕಾಕಾ, "ಕೂಡು, ಮನ್ಯಾಗ ಮಾತಾಡೋಣು" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಕಾಕಿ ಕೂಡಲಿಲ್ಲ.

ವೇದಿಕೆಯ ಮೇಲಿದ್ದ ಮಗಳ ಮುಖ ಇಳಿದುಹೋಯಿತು. "ಅವ್ವಾ, ಖರೇನ ನೀ ಅದರ ಬಾಲ ನೋಡೇ ಇಲ್ಲೇನು?"

"ಇಲ್ಲವ್ವಾ."

"ಹಂಗಾರ ಅದು ಮತ್ತ ಬಂದಾಗ ಇಬ್ಬರೂ ಕೂಡಿ ನೋಡಮು. ಯಾವಾಗ ಬರ್ತದ?"

"ನಿಮ್ಮಪ್ಪಗ ಕೇಳು" ಎಂದಳು ಕಾಕಿ. "ಅವರಿಗೆ ಗೊತ್ತದ."

ಊರೂರಿನಲ್ಲಿ ಎದೆಯುಬ್ಬಿಸಿ ಹೇಳಿದ ಎರಡು ಸಾವಿರ ವರ್ಷದ ಉತ್ತರ ಅದು. ಕಾಕಾ ಮೈಕನ್ನು ಮೇಜಿನ ಮೇಲಿಟ್ಟ. ಮಗಳು ಅವನ ಮುಖ ನೋಡುತ್ತ ಕಾಯುತ್ತಿದ್ದಳು.