ಪಟ್ಟಿಗೆ ಬೇಕಾಗಿದ್ದ ಒಂದು ತೀರ್ಪು

ನಾನು ನ್ಯಾಯಪೀಠ ಏರಲು ಹೊರಟ ದಾರಿಯಲ್ಲಿ ಮನೆ ಕಳೆದುಕೊಂಡವಳು ಬನ್ನೂರು ಕಡೆಯ ಒಬ್ಬ ಹೆಂಗಸು. ನಾನು ಏನನ್ನೂ ಕಳೆದುಕೊಳ್ಳಲಿಲ್ಲ.

ಆಗ ತಿ. ನರಸೀಪುರದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುತ್ತಿದ್ದೆ. ಭಾನುವಾರಗಳಲ್ಲಿ ಮಹಿಳೆಯರ ಹಕ್ಕುಗಳ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದೆ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಜಿ ಹಾಕಲು, ಪೂರ್ಣ ವಿಚಾರಣೆ ನಡೆಸಿದ ಪ್ರಕರಣಗಳ ಪಟ್ಟಿಯೂ ತೀರ್ಪಿನ ಪ್ರತಿಗಳೂ ಬೇಕಿದ್ದವು. ನನ್ನ ಕಪಾಟಿನಲ್ಲಿ ರಾಜಿಯಾದ ಪ್ರಕರಣಗಳು ಬೇಕಾದಷ್ಟಿದ್ದವು. ವಾದಿಸಿ ಗೆದ್ದವು ಕಡಿಮೆ.

ಕಬ್ಬಿನ ಗಾಡಿಯ ದಾರಿಗಾಗಿ ನಡೆದ ಜಗಳದಲ್ಲಿ ನನ್ನ ಕಕ್ಷಿದಾರ ತನ್ನ ಅಕ್ಕನ ಗಂಡನ ಕೈ ಮುರಿದಿದ್ದ. ಅಕ್ಕ ಪೊಲೀಸರ ಕಡೆಯ ಸಾಕ್ಷಿ. ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದಾದ ಪ್ರಕರಣವದು. ಅದನ್ನೇ ಕೇಳಲು ಆಕೆ ಒಂದು ಬೆಳಿಗ್ಗೆ ತಮ್ಮನನ್ನು ಎಳೆದುಕೊಂಡು ನನ್ನ ಕಚೇರಿಗೆ ಬಂದಳು.

“ಲಾಯರಮ್ಮ, ನಮ್ಮವ್ರೂ ಒಪ್ಕಂಡವ್ರೆ. ರಾಜಿ ಮಾಡ್ಸಿಬುಡಿ.”

“ಸುಮ್ಕಿರಕ್ಕ. ಭಾವ ಟೇಸನ್ ಮೆಟ್ಲು ಅತ್ತಿದಾಗ ಎಲ್ಲೋಗಿತ್ತು ರಾಜಿ?”

“ನಿನ್ ಮದ್ವೇಲಿ ಉಡೋಕೆ ಅಂತ ಸೀರೆ ತಂದಿವ್ನಿ ಕಣ್ಲಾ. ಅದ್ನ ಕೋರ್ಟ್‌ಗೆ ಉಟ್ಕಂಡು ಬರ್ಲಾ?”

ತಮ್ಮ ನಕ್ಕುಬಿಟ್ಟ. ಅರ್ಧ ಒಪ್ಪಿದ್ದ. ಆಗ ನಾನು ಬಾಯಿ ಹಾಕಿ, “ರಾಜಿ ಮಾಡಿಕೊಂಡರೆ ತಪ್ಪು ಒಪ್ಪಿಕೊಂಡಂತೆ,” ಎಂದೆ. ಅದು ಸುಳ್ಳು. ಕಾನೂನಿನ ಪ್ರಕಾರ ರಾಜಿಯಾದರೂ ಆರೋಪಿ ಖುಲಾಸೆಯೇ ಆಗುತ್ತಾನೆ. ವಿಚಾರಣೆಯಿಂದ ಅವನಿಗೆ ಹೆಚ್ಚಾಗಿ ಸಿಗುವಂಥದ್ದು ಏನೂ ಇರಲಿಲ್ಲ. ಬೇಕಾಗಿದ್ದದ್ದು ನನಗೆ.

ತಮ್ಮ ರಾಜಿ ಬೇಡವೆಂದು ಟೀ ಕುಡಿಯಲು ಹೊರಗೆ ಹೋದಾಗ ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅವ್ರು ಕುಡ್ದಾಗ ನನ್ ಮೇಲೆ ಕೈ ಮಾಡ್ತಾರೆ ಕಣಮ್ಮ. ಅಂಗಾದಾಗ ಓಗೋಕೆ ತವ್ರುಮನೆ ಬಾಗ್ಲು ತೆಗ್ದಿರ್ಬೇಕು. ಅದ್ಕೇ ರಾಜಿ ಕೇಳ್ತಿರೋದು. ಯಾರ್ಗೂ ಯೋಳ್ಬ್ಯಾಡಿ.”

ನಾನು ತಲೆಯಾಡಿಸಿದೆ.

ಪಾಟೀಸವಾಲಿನ ದಿನ ಆಕೆಯ ಗಂಡ ತನ್ನ ಸಾಕ್ಷ್ಯ ಮುಗಿಸಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವನು ಕುಡಿದು ಬಿದ್ದು ಕೈ ಮುರಿದುಕೊಂಡಿರಬಹುದೆಂಬ ಅನುಮಾನ ಹುಟ್ಟಿಸಿದರೆ ನನಗೆ ಸಾಕಿತ್ತು.

“ನಿಮ್ಮ ಯಜಮಾನರು ಕುಡಿಯುತ್ತಾರಲ್ಲವೇ? ಕುಡಿದಾಗ ನಿಮ್ಮನ್ನೂ ಹೊಡೆಯುತ್ತಾರಲ್ಲವೇ?”

ಆಕೆ ನನ್ನನ್ನೇ ನೋಡಿದಳು. “ಅದ್ನ ನಿಮ್ಗೊಬ್ರಿಗೇ ಅಲ್ವೇನಮ್ಮ ಯೋಳಿದ್ದು?”

ನಾನು ಪ್ರಶ್ನೆಯನ್ನು ಮತ್ತೆ ಕೇಳಿದೆ. ಆಕೆ ಹೌದೆಂದಳು.

ತಮ್ಮ ಬಿಡುಗಡೆಯಾದ. ಗಂಡ ಆಕೆ ಸಾಕ್ಷಿ ಹೇಳಿದ ಸಂಜೆಯೇ ಆಕೆಯನ್ನು ಹೊರಗೆ ಹಾಕಿದ್ದ. ತವರಿನಲ್ಲಿ, ತಮ್ಮನ ವಿರುದ್ಧ ಪೊಲೀಸರ ಕಡೆ ನಿಂತವಳೆಂದು ಮುಖ ತಿರುಗಿಸಿದರು. ಹೆಂಡತಿಯನ್ನು ಹೊಡೆದದ್ದು, ಹೊರಗೆ ಹಾಕಿದ್ದು ಗಂಡನ ಅಪರಾಧ. ಬಾಗಿಲು ಮುಚ್ಚಿದ್ದು ತವರಿನವರ ಅಪರಾಧ. ಆದರೆ ನಂಬಿ ಹೇಳಿದ ಮಾತನ್ನು ಅವಳ ವಿರುದ್ಧವೇ ಹೂಡಿದ್ದು ನಾನು. ಅದಕ್ಕೆ ಯಾವ ಕಲಮೂ ಇಲ್ಲವೆಂಬುದೂ ನನಗೆ ಗೊತ್ತಿತ್ತು.

ಸಂದರ್ಶನದಲ್ಲಿ ಹಿರಿಯರೊಬ್ಬರು ಅದೇ ತೀರ್ಪನ್ನು ತಿರುವಿ, ಪಾಟೀಸವಾಲು ಚೆನ್ನಾಗಿದೆ ಎಂದರು. ನಾನು ಧನ್ಯವಾದ ಹೇಳಿದೆ. ಆ ಸಲ ಆಯ್ಕೆಯಾಗಲಿಲ್ಲ.

ಕಳೆದ ತಿಂಗಳು ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಒಂದು ಕೋಣೆಯ ಬಾಡಿಗೆ ಮನೆ. ತಮ್ಮನ ಮದುವೆಗೆ ಕರೆದಿರಲಿಲ್ಲವಂತೆ. ನಾನು ಕ್ಷಮೆ ಕೇಳಲಿಲ್ಲ. ಆಕೆಯೇ ಕೇಳಿದಳು:

“ಜಡ್ಜಮ್ಮ ಆಯ್ತಾರೆ ಅಂತ ಕೋರ್ಟಲ್ಲಿ ಅಂತಿದ್ರು. ಆದ್ರಾ?”

“ಇನ್ನೂ ಇಲ್ಲ.”

“ಆದ್ಮೇಲೆ ಯಾರಾದ್ರೂ ರಾಜಿ ಅಂತ ಬಂದ್ರೆ, ಒಸಿ ಕೇಳುಸ್ಕಳಿ.”

ಈಗ ಮತ್ತೆ ಅರ್ಜಿ ಕರೆದಿದ್ದಾರೆ. ಪಟ್ಟಿಯನ್ನು ಕೇಳುವ, ಅದನ್ನು ಓದಿ ನಮ್ಮನ್ನು ಆರಿಸುವ ಹಿರಿಯರಲ್ಲಿ ನನ್ನ ಒತ್ತಾಯವಿದು: ಪ್ರತಿ ಪ್ರಕರಣದ ಎದುರು ಇನ್ನೊಂದು ಅಂಕಣ ಇಡಿ. ರಾಜಿಗೆ ಅವಕಾಶವಿತ್ತೇ, ಯಾರಾದರೂ ಕೇಳಿದ್ದರೇ, ವಕೀಲರು ಏನು ಉತ್ತರ ಕೊಟ್ಟರು ಎಂದು ಅಲ್ಲಿ ಬರೆಸಿ. ಕೆಳಗೆ ಕಕ್ಷಿದಾರನ ಸಹಿ ಹಾಕಿಸಿ. ಸಾಕ್ಷಿಯೇ ರಾಜಿ ಕೇಳಿದ್ದರೆ ಅವಳ ಸಹಿಯನ್ನೂ ಹಾಕಿಸಿ. ನನ್ನ ಅರ್ಜಿಯಿಂದಲೇ ಶುರುಮಾಡಿ.